ಪಡಸಾಲೆಯಿಂದ ಎಂಟು ಹೆಜ್ಜೆ

ಮೊನ್ನೆ ಗೊಬ್ಬೂರಿಗೆ ಕೂಸು ನೋಡಲು ಹೋಗಿದ್ದೆ. ನನ್ನ ಜೊತೆ ತರಬೇತಿಗೆ ಬರುವ ಅಂಗನವಾಡಿ ಟೀಚರೊಬ್ಬರ ಮಗಳು ಹಡೆದು ಹನ್ನೊಂದು ದಿನವಾಗಿತ್ತು. ನಾನೇ ಹೊಲಿದ ಒಂದು ಕುಂಚಿಗೆ, ಒಂದು ಡಬ್ಬಿ ಅಂಟಿನುಂಡೆ ಹಿಡಿದುಕೊಂಡು ಹೊಸ್ತಿಲು ದಾಟಬೇಕು ಅನ್ನುವಷ್ಟರಲ್ಲಿ ಒಳಕೋಣೆಯಿಂದ ಆ ವಾಸನೆ ಬಂತು. ಕೆಂಡದ ಮೇಲೆ ಬಿದ್ದ ಅಜವಾನದ್ದು ಮೊದಲು, ಅದರ ಹಿಂದೆ ಬಳ್ಳೊಳ್ಳಿ ಸಿಪ್ಪೆ ಸುಟ್ಟದ್ದು, ಅದರ ಹಿಂದೆ ಲೋಬಾನ. ಬಾಣಂತಿ ಮನೆಯ ವಾಸನೆ. ಸಣ್ಣವಳಿದ್ದಾಗಿನಿಂದ ನನಗೆ ಬಹಳ ಸೇರುತ್ತಿದ್ದ ವಾಸನೆ ಅದು. ಈಗ ಕಾಲು ಹೊಸ್ತಿಲಲ್ಲೇ ನಿಂತುಬಿಟ್ಟವು.

“ಬರ್ರಿ ಟೀಚರ, ಯಾಕ ನಿಂತ್ರಿ? ಒಳಗ ಬೆಚ್ಚಗ ಅದ,” ಎಂದರು ಮನೆಯ ಹಿರಿಯಾಕೆ.

“ಕೂಸಿಗಿ ಹೊರಗ ತಗೊಂಡು ಬರ್ರಿ. ಬಿಸಲಾಗ ನೋಡ್ತೇನಿ.”

“ಹನ್ನೊಂದು ದಿನದ ಕೂಸಿಗಿ ಹೊರಗ ತರ್ತಾರೇನ್ರಿ ಯಾರರೆ? ಮಂದಿಗಿ ಬುದ್ಧಿ ಹೇಳೋರು ನೀವು!” ಆಕೆ ನಕ್ಕರು.

ನಾನು ಹಟ ಹಿಡಿದೆ. ಕೊನೆಗೆ ಕೂಸು ಅಂಗಳಕ್ಕೆ ಬಂತು, ಬಿಸಿಲಿಗೆ ಕಣ್ಣು ಕಿವುಚಿಕೊಂಡಿತು. ಬಾಣಂತಿಯ ಹೊರಸಿನ ಕೆಳಗಿದ್ದ ಕೆಂಡದ ಶೆಗಡಿಯನ್ನು ನಾನೇ ಇಕ್ಕಳದಿಂದ ಎತ್ತಿ ಹಿತ್ತಲಲ್ಲಿಟ್ಟೆ, ಕಿಟಕಿಯನ್ನೂ ತೆಗೆಸಿದೆ. ಹಿರಿಯಾಕೆ ಕೇಳಿದರು: “ಯಾಕ್ರಿ ಟೀಚರ? ನಮಗ ತಿಳಿಯೂ ಹಂಗ ಹೇಳ್ರಿ.” ಉತ್ತರ ಉದ್ದವಿತ್ತು, ಅಫಜಲಪುರದ ಬಸ್ಸಿಗೆ ಹೊತ್ತಾಗಿತ್ತು. ಇನ್ನೊಮ್ಮೆ ಬಂದು ಹೇಳುತ್ತೇನೆ ಎಂದು ಬಂದುಬಿಟ್ಟೆ. ನಾನು ಬಸ್ಸು ಹತ್ತಿದ ಮೇಲೆ ಶೆಗಡಿ ಮತ್ತೆ ಒಳಗೆ ಹೋಯಿತೋ ಏನೋ. ಹೋಗಿದ್ದರೂ ಅವರ ಮೇಲೆ ಸಿಟ್ಟಾಗುವ ಹಕ್ಕು ನನಗಿಲ್ಲ.

ಹೇಳಬೇಕಿದ್ದದ್ದು ನಾಲ್ಕು ಚಳಿಗಾಲಗಳ ಹಿಂದಿನ ಮಾತು. ನಾನು ಭೀಮಾ ನದಿಯ ದಂಡೆಯ ಮಣ್ಣೂರಿಗೆ ಕೊಟ್ಟ ಹೆಣ್ಣುಮಗಳು. ಊರಿನ ಅಂಗನವಾಡಿ ನಡೆಸುತ್ತೇನೆ. ನನ್ನ ತವರು ಆಳಂದ ತಾಲ್ಲೂಕಿನಲ್ಲಿ, ಕಿಣ್ಣಿ ಸುಲ್ತಾನದ ಹತ್ತಿರ. ಅಲ್ಲಿ ನನ್ನ ಅಣ್ಣ, ಅವನ ಹೆಂಡತಿ ಶಾಂತಾ ವೈನಿ, ಅವರ ಒಬ್ಬಳೇ ಮಗಳು ಗೌತಮಿ. ಗೌತಮಿಯನ್ನು ಜೇವರ್ಗಿಗೆ ಕೊಟ್ಟಿತ್ತು. ಆ ವರ್ಷ ಆಕೆಗೆ ಚೊಚ್ಚಲು.

ಗೌತಮಿಗೆ ಹತ್ತನೇ ವಯಸ್ಸಿನಿಂದ ದಮ್ಮು. ಮನೆಯಿಂದ ಕೂಗಳತೆ ದೂರದಲ್ಲಿ ಕಲ್ಲು ಒಡೆದು ಖಡಿ ಮಾಡುವ ಮಶೀನು ಬಂದ ಮರುವರ್ಷ ಅದು ಶುರುವಾಯಿತು. ಅಣ್ಣ ಅದೇ ಮಶೀನಿನಲ್ಲಿ ಟಿಪ್ಪರು ತುಂಬಿಸುವ ಕೆಲಸಕ್ಕೆ ಸೇರಿದ್ದ. ಮನೆಯ ಮುಂದಿನ ತೊಗರಿ ಗಿಡ ಹೂ ಬಿಟ್ಟರೆ ಹೂವಿನ ಹಳದಿ ಕಾಣುತ್ತಿರಲಿಲ್ಲ, ಎಲೆಯೂ ಹೂವೂ ಬೂದಿ ಬಳಿದಂತೆ ಬೆಳ್ಳಗೆ. ನೀರಿನ ಕೊಡಕ್ಕೆ ಎರಡು ಪದರು ಅರಿವೆ ಕಟ್ಟಿದರೂ ತಳದಲ್ಲಿ ಸಣ್ಣ ಮರಳು. ಅಲ್ಲಿ ಗೌತಮಿಗೆ ಒಣಕೆಮ್ಮು; ಮೂಗು ಒರೆಸಿದ ಸೆರಗು ಬೆಳ್ಳಗಾಗುತ್ತಿತ್ತು. ಮದುವೆಯಾಗಿ ಜೇವರ್ಗಿಗೆ ಹೋದಳು. ಗಂಡನದು ಹೆದ್ದಾರಿ ಪಕ್ಕ ಟೈರ್ ಪಂಕ್ಚರ್ ಅಂಗಡಿ, ಅದರ ಹಿಂದೆಯೇ ಮನೆ. ಅಲ್ಲಿ ಸೆರಗು ಕಪ್ಪಾಗುತ್ತಿತ್ತು. ಕೆಮ್ಮು ಕಡಿಮೆಯಾಯಿತು, ಬದಲಿಗೆ ತಲೆನೋವು, ಕಣ್ಣುರಿ. ಲಾರಿಗಳು ಗೇರು ಬದಲಿಸುವ ಹೊತ್ತಿಗೆ ಎದೆ ಹಿಡಿದುಕೊಳ್ಳುತ್ತಿತ್ತಂತೆ. ಒಬ್ಬಳೇ ಹುಡುಗಿ, ಒಂದೇ ಎದೆ. ಊರು ಬದಲಾದಂತೆ ಬೇನೆಯೂ ಬದಲಾಗುವುದನ್ನು ನಾನು ಮೊದಲು ನೋಡಿದ್ದು ಆಕೆಯಲ್ಲಿ. ರಜೆಗೆ ಮಣ್ಣೂರಿಗೆ ಬಂದಾಗ ಮಾತ್ರ ಸೆರಗು ಸ್ವಚ್ಛ. ಪಂಪು, ಅಂದರೆ ಬಾಯಿಗೆ ಹಿಡಿದು ಔಷಧ ಎಳೆದುಕೊಳ್ಳುವುದು, ಚೀಲದಲ್ಲೇ ಇರುತ್ತಿತ್ತು.

ಅದಕ್ಕೇ ನಾನು ಆಡಬಾರದ ಮಾತು ಒಂದು ಆಡಿದೆ. ಸೀಮಂತದ ಕುಬಸ ಮುಗಿಸಿ ಆಕೆಯನ್ನು ತವರಿಗೆ ಕರೆತಂದಿದ್ದರು. ದೀಪಾವಳಿ ಆದ ಮೇಲೆ ನಾನು ನೋಡಲು ಹೋದೆ. ಗೌತಮಿ ಕಟ್ಟೆಯ ಮೇಲೆ ಗೋಡೆಗೆ ಆತು ಕುಳಿತಿದ್ದಳು. ಎರಡು ಜೀವದ ಉಸಿರು ಒಂದೇ ಮೂಗಿನಲ್ಲಿ ಹೋಗಿ ಬರುವುದು ನನಗೆ ಅಂಗಳದಿಂದಲೇ ಕೇಳಿಸಿತು.

“ವೈನಿ, ಇಕಿ ಇಲ್ಲಿ ಹಡೆಯೂದು ಬ್ಯಾಡ್ರಿ. ನಾ ಮಣ್ಣೂರಿಗಿ ಕರಕೊಂಡು ಹೋಗ್ತೇನಿ. ಹೊಳಿ ದಂಡಿ, ಹವಾ ಛಲೋ ಅದ.”

ವೈನಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ಚೊಚ್ಚಲ ಬಾಣಂತನ ಅವ್ವನ ಮನ್ಯಾಗ ಆಗ್ತದ ಸುನಂದಾ. ಸೋದರತ್ತಿ ಮನ್ಯಾಗ ಆಗಿದ್ದು ಎಲ್ಯರೆ ಕೇಳೀ? ಮಂದಿ ಏನಂತಾರ? ಅವ್ವಗ ಎರಡು ಕೈ ಇದ್ದಿದ್ದಿಲ್ಲೇನು ಅಂತಾರ.”

“ಮಂದಿ ಬಂದು ಇಕಿ ಉಸಿರು ಎಳೀತಾರೇನ್ರಿ?”

“ನಿಮ್ಮ ಹೊಳ್ಯಾಗೇನು ನೀರಿನ ಬದಲಿ ಉಸಿರು ಹರೀತದೇನು?”

ಕಟ್ಟೆಯಿಂದ ಗೌತಮಿ ಅಂದಳು: “ಇಬ್ಬರೂ ನಿವಾಂತ ಜಗಳಾ ಆಡ್ರಿ. ನಾ ಅಷ್ಟರಾಗ ಇಲ್ಲೇ ಹಡದು ಬಿಡ್ತೇನಿ.” ಅಂದು ನಕ್ಕು, ನಕ್ಕದ್ದಕ್ಕೇ ಕೆಮ್ಮಿ, ಪಂಪು ಹುಡುಕಿದಳು. ಆ ಕೆಮ್ಮು ನಿಲ್ಲಲು ಹಿಡಿದ ಹೊತ್ತಿನಲ್ಲಿ ವೈನಿಯ ಹಂಚಿನ ಮೇಲಿನ ರೊಟ್ಟಿ ಕರಕಾಯಿತು.

ಕೆಲಸದಿಂದ ಬಂದ ಅಣ್ಣ ತಲೆಯ ಟವೆಲ್ ಜಾಡಿಸುತ್ತ, “ಹೋಗಲಿ ಬಿಡ. ಆ ಧೂಳಾ ನಾ ತಿನ್ನೂದು ಸಾಕಾಗೇದ. ಇನ್ನಾ ಹುಟ್ಟದ ಕೂಸಿಗಿ ಯಾಕ?” ಎಂದ. ಮರುದಿನ ಹೊರಡುವಾಗ ವೈನಿ ಒಂದು ಚೀಲ ತಂದು ನನ್ನ ಕಾಲ ಬಳಿ ಇಟ್ಟರು. ಅಜವಾನ, ಲೋಬಾನ, ಕೊಬ್ಬರಿ, ಅಂಟು, ಹಳೆಯ ಮೆತ್ತನೆ ಸೀರೆಗಳು. “ಏನೂ ಕಮ್ಮಿ ಆಗಬಾರದು ನೋಡು ನನ್ನ ಮಗಳಿಗಿ,” ಎಂದರು. ಅದು ಹರಕೆಯಂತಿರಲಿಲ್ಲ, ಎಚ್ಚರಿಕೆಯಂತಿತ್ತು.

ನನಗೆ ಒಂದು ರೂಢಿ ಇದೆ. ಗೋಡೆ ಕ್ಯಾಲೆಂಡರಿನ ದಿನದ ಚೌಕದಲ್ಲಿ ಸಣ್ಣ ಅಕ್ಷರದಲ್ಲಿ ಅಂದಿನದನ್ನು ಬರೆಯುವುದು. ಹಾಲು ಒಡೆಯಿತು, ಎಮ್ಮೆ ಈಯಿತು, ಸಿಲಿಂಡರು ಹಚ್ಚಿದೆ, ಹೊಳೆ ಕಡೆ ಮಂಜು. ಗೌತಮಿ ಬಂದ ದಿನದಿಂದ ಆಕೆಯದೂ ಬರೆದೆ. ಪಡಸಾಲೆಯಲ್ಲಿ, ಬಾಗಿಲಿಗೆ ಎದುರಾಗಿ ಆಕೆಯ ಹೊರಸು ಹಾಕಿದ್ದೆವು. “ಕೆಮ್ಮು ಕಮ್ಮಿ.” “ನಿದ್ದಿ ಛಲೋ.” “ಪಂಪು ಇಲ್ಲ.” “ಪಂಪು ಇಲ್ಲ.” ಹೊಳೆಯ ಮೇಲಿಂದ ಬೆಳಗಿನ ಗಾಳಿ ಬರುತ್ತಿತ್ತು. ಆಕೆ ಎರಡು ರೊಟ್ಟಿ ತಿನ್ನುವವಳು ಮೂರು ತಿಂದಳು. ನನ್ನ ಅತ್ತೆಗೆ ಮನೆಯಲ್ಲೆಲ್ಲ ಆಯಿ ಅನ್ನುತ್ತೇವೆ. ಆಗಲೇ ಎಪ್ಪತ್ತು ದಾಟಿತ್ತು. ಗೌತಮಿಯ ಹೊಟ್ಟೆ ನೋಡಿ ಆಯಿ ಅನ್ನುತ್ತಿದ್ದರು: “ಕೂಸಿಗಿಂತ ರೊಟ್ಟೀನೇ ಜಾಸ್ತಿ ಅದ ಇದರಾಗ.”

ನಾಲ್ಕನೇ ವಾರ ಕಬ್ಬಿನ ಕಟಾವು ನಮ್ಮ ಊರ ಕಡೆ ಬಂತು. ಕಬ್ಬು ಕಡಿದು ಗಾಡಿ ಹೋದ ಮೇಲೆ ಹೊಲದಲ್ಲಿ ಉಳಿದ ಒಣ ಎಲೆಯನ್ನು ನಾವು ರವದಿ ಅನ್ನುತ್ತೇವೆ. ಅದಕ್ಕೆ ಸಂಜೆ ಬೆಂಕಿ ಹಚ್ಚುತ್ತಾರೆ. ಎಲ್ಲರೂ ಹಚ್ಚುತ್ತಾರೆ, ನಮ್ಮ ಯಜಮಾನರೂ ಹಚ್ಚಿದ್ದರು. ಬೇಸಿಗೆಯಾದರೆ ಹೊಗೆ ಎದ್ದು ಹೋಗುತ್ತದೆ. ಥಂಡಿ ದಿನಗಳಲ್ಲಿ ಅದು ಮೇಲೇಳುವುದಿಲ್ಲ, ಹೊಳೆಯ ತಗ್ಗಿನಲ್ಲಿ ಹಾಸಿದಂತೆ ಮಲಗುತ್ತದೆ. ಬೆಳಗ್ಗೆ ಎದ್ದರೆ ಮಂಜೋ ಹೊಗೆಯೋ ತಿಳಿಯುವುದಿಲ್ಲ, ಮೂಗಿಗೆ ಮಾತ್ರ ತಿಳಿಯುತ್ತದೆ. ಅದೇ ವಾರ ಚೌಕದಲ್ಲಿ ಮತ್ತೆ “ಕೆಮ್ಮು” ಎಂದು ಬರೆದೆ.

ನನಗೆ ಛಲ ಬಂತು. ಧೂಳಿನಿಂದ ಬಿಡಿಸಿ ತಂದವಳನ್ನು ಹೊಗೆಗೆ ಕೊಡುವುದೇ? ಒಳಕೋಣೆಯೇ ಬಾಣಂತಿ ಕೋಣೆ ಎಂದು ಮೊದಲೇ ಗೊತ್ತು ಮಾಡಿದ್ದೆವು. ಅದಕ್ಕಿದ್ದದ್ದು ಒಂದೇ ಕಿಟಕಿ, ಕಬ್ಬಿನ ಹೊಲದ ಕಡೆಗೆ. ಅದರ ಕದ ಮುಚ್ಚಿ, ಸಂದಿಗೆ ಹಳೆಯ ಅರಿವೆ ತುರುಕಿ, ಮೇಲೆ ಗೋಣಿಚೀಲ ಹೊಡೆದು, ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಬಡಿದೆ. ಮೊಳೆ ಹೊಡೆಯುವಾಗ ಹೆಬ್ಬೆರಳಿಗೆ ಏಟು ಬಿತ್ತು. ಕ್ಯಾಲೆಂಡರಿನಲ್ಲಿ ಬರೆದಿದ್ದೇನೆ: “ಕಿಡಕಿ ಪಕ್ಕಾ ಮುಚ್ಚಿದೆ. ಹೊಗಿ ಒಂದು ಎಳಿ ಬರಂಗಿಲ್ಲ.”

ಗೌತಮಿ ಅಫಜಲಪುರದ ದವಾಖಾನೆಯಲ್ಲಿ ಹಡೆದಳು. ಹೆಣ್ಣು ಕೂಸು, ತೂಕ ಸರಿಯಾಗಿತ್ತು, ಅತ್ತದ್ದು ವಾರ್ಡಿನ ಆಚೆ ತುದಿಗೆ ಕೇಳಿಸಿತು. ಮೂರನೇ ದಿನ ಮನೆಗೆ ಬಂದೆವು. ಬರುವ ಮುಂಚೆಯೇ ಆಯಿ ಶೆಗಡಿ ತೊಳೆದು ಇಟ್ಟಿದ್ದರು.

ನಮ್ಮದು ಬುದ್ಧನ ಚಿತ್ರ ಇರುವ ಮನೆ. ಎರಡು ತಲೆಮಾರಿನ ಹಿಂದೆಯೇ ದೇವರ ಜಗುಲಿ ತೆಗೆದವರು. ಪಂಚಾಂಗ ನೋಡುವುದಿಲ್ಲ, ಮೈಲಿಗೆ ಹಿಡಿಯುವುದಿಲ್ಲ. ಹಳೆಯದನ್ನೆಲ್ಲ ಬಿಟ್ಟವರು ನಾವು ಎಂದು ನನಗೆ ಒಳಗೊಳಗೇ ಒಂದು ಹೆಮ್ಮೆ ಇತ್ತು. ಆದರೆ ಹೊರಸಿನ ಕೆಳಗಿನ ಶೆಗಡಿಯನ್ನು ಬಿಡಬೇಕು ಎಂದು ಯಾರಿಗೂ ಅನ್ನಿಸಿರಲಿಲ್ಲ. ಅದು ದೇವರಲ್ಲವಲ್ಲ, ಶೇಕ, ಬೆಚ್ಚಗಿನ ಕಾವು. ಬಾಣಂತಿಯ ಸೊಂಟಕ್ಕೆ, ಕೂಸಿನ ಮೈಗೆ. ಅಂಗನವಾಡಿಯ ತಾಯಂದಿರ ಸಭೆಯಲ್ಲಿ ಒಲೆಯ ಹೊಗೆಯ ಬಗ್ಗೆ ಚಾರ್ಟು ಹಿಡಿದು ಮಾತಾಡುವವಳು ನಾನೇ. ಚಾರ್ಟಿನಲ್ಲಿ ಒಲೆಯ ಚಿತ್ರವಿತ್ತು, ಶೆಗಡಿಯದಿರಲಿಲ್ಲ. ನಮ್ಮ ಮನೆಯಲ್ಲಿ ಗ್ಯಾಸು. ಹಾಗಾಗಿ ನಮ್ಮಲ್ಲಿ ಹೊಗೆಯಿಲ್ಲ ಎಂದೇ ನಾನು ತಿಳಿದಿದ್ದೆ. ಹೊಗೆ ಅಂದರೆ ಹೊರಗಿನಿಂದ ಬರುವುದು.

ಕೂಸಿಗೆ ಎರೆದ ಮೇಲೆ ಕೆಂಡಕ್ಕೆ ಅಜವಾನ, ಬಳ್ಳೊಳ್ಳಿ ಸಿಪ್ಪೆ ಹಾಕಿ, ಕೂಸನ್ನು ಬೋರಲು ಹಿಡಿದು ಆ ಹೊಗೆಗೆ ಆಡಿಸುವುದು. ಕುಂಚಿಗೆಗೂ ಹೊಗೆ, ಕೌದಿಗೂ ಹೊಗೆ. ಆಮೇಲೆ ಹೊರಸಿನ ಮೇಲೆ ತಾಯಿಯ ಪಕ್ಕ, ಗೋಡೆಯ ಕಡೆ, ಕೆಳಗೆ ಕುಳ್ಳಿನ, ಅಂದರೆ ಬೆರಣಿಯ, ಕೆಂಡ. ಮುಂಜಾನೆ, ಮಧ್ಯಾಹ್ನ, ಸಂಜೆ. ಆ ವರ್ಷ ಥಂಡಿ ಜಾಸ್ತಿ ಎಂದು ಕೂಸನ್ನು ಶೆಗಡಿಗೆ ಸರಿಯಾಗಿ ಮೇಲೆ ಬರುವಂತೆ ಸರಿಸಿ ಮಲಗಿಸಿದವಳೂ ನಾನೇ. “ಶೆಗಡಿ ಮೂರು ಸಲ,” ಎಂದು ದಿನವೂ ಬರೆದಿದ್ದೇನೆ, ಔಷಧ ಕೊಟ್ಟದ್ದನ್ನು ಬರೆದ ಹಾಗೆ.

ಮನೆಗೆ ಬಂದ ಮರುದಿನವೇ ಗೌತಮಿ ಅಂದಳು: “ಅತ್ತಿ, ಉಸಿರು ಕಟ್ಟಾಕತ್ತದ. ಜರಾ ಕಿಡಕಿ ತೆಗಿ.”

“ತೆಗದ್ರ ರವದಿ ಹೊಗಿ ಒಳಗ ಬರ್ತದವ್ವ. ಪಂಪು ಹೊಡಕೋ.”

“ಬಾಗಲರೆ ತೆಗಿ.”

“ಥಂಡಿ ಹವಾ. ಕೂಸು ಅದ.”

ಐದನೇ ದಿನದ ಐದೇಶಿಗೆ ಕಿಣ್ಣಿ ಕಡೆಯಿಂದ ಅಣ್ಣ, ವೈನಿ ಬಂದರು. ವೈನಿ ಕೋಣೆಯ ಮೂಲೆ ಮೂಲೆ ನೋಡಿದರು, ಕುಳ್ಳು ಒಣಗಿವೆಯೇ ಎಂದು ಮುರಿದು ನೋಡಿದರು. ನನ್ನಲ್ಲಿ ತಪ್ಪು ಸಿಗಲಿಲ್ಲ. ಸಿಗದಿದ್ದದ್ದಕ್ಕೆ ಅವರಿಗೆ ಸ್ವಲ್ಪ ಬೇಸರವೂ ಆಗಿರಬೇಕು. “ಛಲೋ ಇಟ್ಟೀ ಬಿಡು,” ಎಂದರು ಹೋಗುವಾಗ. ನನಗೆ ಪರೀಕ್ಷೆ ಪಾಸಾದಂತಾಯಿತು.

ಅದಾದ ಮೇಲೂ ಗೌತಮಿ ಇನ್ನೆರಡು ಸಲ ಕೇಳಿದಳು. ನಾನು ಒಮ್ಮೆ ಮೊಳೆ ಕೀಳಲು ಹೋಗಿದ್ದೆ. ಆಯಿ ತಡೆದರು: “ಅಕಿಗಿ ಮೊದಲಿಂದ ದಮ್ಮು ಬೇ. ಅಕಿ ಎಲ್ಲಿ ಕುಂತ್ರೂ ಉಸಿರು ಕಟ್ಟತದ ಅಂತಾಳ. ಅಕಿ ಮಾತು ಕೇಳಿ ಕೂಸಿಗಿ ಥಂಡಿ ಹತ್ತಸಬ್ಯಾಡ.” ನನಗೂ ಸರಿ ಅನ್ನಿಸಿತು. ಬೇನೆ ಇದ್ದವಳ ಮಾತು ಬೇನೆಯದೇ ಮಾತು ಎಂದುಕೊಂಡೆವು. ಆ ಕೋಣೆಯಲ್ಲಿ ಗಾಳಿ ಕೆಟ್ಟದ್ದನ್ನು ತಿಳಿಸಬಲ್ಲ ಒಂದೇ ಎದೆ ಅದಾಗಿತ್ತು. ಅದನ್ನೇ ನಾವು ನಂಬಲಿಲ್ಲ.

ಹದಿನಾರನೇ ದಿನ ಬೆಳಗ್ಗೆ ಕೂಸು ಮೊಲೆ ಹಿಡಿದು ಬಿಟ್ಟಿತು. ಮತ್ತೆ ಹಿಡಿದು ಮತ್ತೆ ಬಿಟ್ಟಿತು. ಅಳಲೂ ಇಲ್ಲ, ಸುಮ್ಮನೆ ಮೂಗಿನ ಹೊಳ್ಳೆ ಅರಳಿಸುತ್ತಿತ್ತು. ಅರಿವೆ ಸರಿಸಿ ನೋಡಿದರೆ ಉಸಿರೆಳೆದಾಗಲೆಲ್ಲ ಪಕ್ಕೆ ಒಳಗೆ ಜಗ್ಗುತ್ತಿದ್ದವು. ನಮಗೆ ಇದನ್ನು ಕಲಿಸಿರುತ್ತಾರೆ. ಗಡಿಯಾರದ ಸೆಕೆಂಡಿನ ಮುಳ್ಳು ನೋಡುತ್ತ ಪೂರ್ತಿ ಒಂದು ನಿಮಿಷ ಎದೆ ಎಷ್ಟು ಸಲ ಏಳುತ್ತದೆ ಎಣಿಸಬೇಕು. ಅರವತ್ತು ಮುಟ್ಟಿದರೆ ಒಂದು ಗಳಿಗೆಯೂ ಮನೆಯಲ್ಲಿ ಇರಬಾರದು. ಎಣಿಸಿದೆ. ಎಪ್ಪತ್ತೆಂಟು. ತಪ್ಪಿರಬೇಕು ಎಂದು ಮತ್ತೆ ಎಣಿಸಿದೆ. ಎಂಬತ್ತೊಂದು.

“ಏನಾತು ಅತ್ತಿ? ಏನಂತದ?” ಗೌತಮಿ ನನ್ನ ಮುಖ ನೋಡುತ್ತಿದ್ದಳು.

“ಏನಿಲ್ಲ. ದವಾಖಾನಿಗಿ ತೋರಿಸಿಕೊಂಡು ಬರೋಣ.”

ಯಜಮಾನರು ಟಂಟಂ ಆಟೋ ತಂದರು. ಅಫಜಲಪುರದಲ್ಲಿ ಡಾಕ್ಟರು ನೋಡಿದವರೇ ಆಂಬುಲೆನ್ಸು ಕರೆಸಿ ಕಲಬುರಗಿಗೆ ಕಳಿಸಿದರು. ದಾರಿಯುದ್ದಕ್ಕೂ ಎರಡೂ ಕಡೆ ತೊಗರಿ ರಾಶಿ ನಡೆದಿತ್ತು. ಮಶೀನಿನಿಂದ ಹೊಟ್ಟು ಮೋಡದಂತೆ ಎದ್ದು ಗಾಜಿಗೆ ಬಂದು ಬಡಿಯುತ್ತಿತ್ತು. ಆ ಹೊಟ್ಟಿನೊಳಗೆ ಮಂದಿ ಬಾಯಿಗೆ ಟವೆಲ್ ಸುತ್ತಿಕೊಂಡು ನಿಂತಿದ್ದರು.

ಕಲಬುರಗಿಯ ಡಾಕ್ಟರು ನನಗಿಂತ ಸಣ್ಣ ವಯಸ್ಸಿನ ಹೆಣ್ಣುಮಗಳು. ಕೂಸಿಗೆ ನಳಿಗೆ ಹಾಕಿ ಗಾಜಿನ ಪೆಟ್ಟಿಗೆಯಲ್ಲಿಟ್ಟ ಮೇಲೆ ನನ್ನನ್ನು ಹೊರಗೆ ಕರೆದರು. ಅವರ ಕೈಯಲ್ಲಿ ಕೂಸನ್ನು ಸುತ್ತಿ ತಂದ ಕೌದಿ ಇತ್ತು. ಅದನ್ನು ಮೂಗಿನ ಹತ್ತಿರ ಹಿಡಿದರು.

“ಕೂಸು ಎಲ್ಲಿ ಮಲಗತಿತ್ರಿ?”

“ಒಳಗಿನ ಕೋಣ್ಯಾಗ್ರಿ. ಹವಾ ಬರಬಾರದಂತ ಕಿಡಕಿ ಮುಚ್ಚಿದ್ದೆವ್ರಿ. ಹೊರಗ ಕಬ್ಬಿನ ಹೊಗಿ...”

“ಹೊರಸಿನ ಕೆಳಗ ಏನಿತ್ರಿ?”

“ಕೆಂಡ,” ಎಂದೆ.

“ದಿನಾ ಎಷ್ಟು ಸಲ?”

ಕ್ಯಾಲೆಂಡರಿನಲ್ಲಿ ಬರೆದದ್ದು ಬಾಯಲ್ಲಿ ಬಂತು. “ಮೂರು ಸಲ.”

ಅವರು ಬೈಯಲಿಲ್ಲ. “ನೋಡ್ರಿ, ಇದs ಕಾರಣ ಅಂತ ನಾ ಬರದು ಕೊಡಾಕ ಬರಂಗಿಲ್ಲ. ಸೋಂಕು ಹೆಂಗರೆ ಹತ್ತತದ. ಆದ್ರ ಹೊರಗಿನ ಹೊಗಿ ಹತ್ತು ಹೊಲಕ್ಕ ಹಂಚಿ ಹೋಗ್ತದ. ನಿಮ್ಮ ಕೋಣ್ಯಾಗಿಂದು ಎಲ್ಲಿಗಿ ಹೋಗಬೇಕ್ರಿ? ಇಷ್ಟs ಇಷ್ಟು ಎದಿ ಅದರದು,” ಎಂದು ತಮ್ಮ ಮುಷ್ಟಿ ತೋರಿಸಿದರು. ಮುಷ್ಟಿಯನ್ನೂ ಪೂರ್ತಿ ಮಾಡಲಿಲ್ಲ, ಅರ್ಧ. ಒಳಗೆ ಹೋಗುವಾಗ ತಿರುಗಿ ಕೇಳಿದರು: “ನೀವು ಅಂಗನವಾಡಿ ಟೀಚರ ಅಂತ ಅಂದ್ರೇನ್ರಿ ಆಗ?”

ಮೂರು ದಿನ ಮೆಟ್ಟಿಲ ಮೇಲೆ ಕುಳಿತೆವು. ಎರಡನೇ ದಿನ ಗೌತಮಿ, ಯಾರ ಕಡೆಗೂ ನೋಡದೆ, ಮೆಲ್ಲಗೆ ಅಂದಳು: “ನಂಗ ಕಟ್ಟತಿತ್ತು ಅತ್ತಿ, ನಾ ಹೇಳಿದೆ. ಅದಕ ಹೇಳಾಕ ಬರತಿದ್ದಿಲ್ಲ.” ಅದರಾಚೆ ಆಕೆ ಇವತ್ತಿನವರೆಗೆ ನನಗೆ ಒಂದು ಮಾತು ಅಂದಿಲ್ಲ. ಮೂರನೇ ದಿನ ಮಧ್ಯಾಹ್ನ, ಊಟದ ಹೊತ್ತಿಗೆ, ಕೂಸು ಹೋಯಿತು. ಜೇವರ್ಗಿಯವರು ಬಂದು ತೊಟ್ಟಿಲಿಗೆ ಹಾಕಿ ಹೆಸರಿಡಬೇಕಿತ್ತು, ಇನ್ನೂ ಇಟ್ಟಿರಲಿಲ್ಲ.

ಊರಿಗೆ ಬಂದ ಮೇಲೆ ಮಾತು ತಾನೇ ಹುಟ್ಟಿಕೊಂಡಿತು. “ಕಿಣ್ಣಿ ಧೂಳು. ಹೊಟ್ಟ್ಯಾಗಿಂದನs ತಿಂದು ಬಂದಿತ್ತು ಕೂಸು,” ಎಂದರು ಮಣ್ಣೂರಿನವರು. ಜೇವರ್ಗಿಯ ಬೀಗರು ವೈನಿಯ ಎದುರೇ ಅಂದರಂತೆ: “ನಿಮ್ಮ ಊರ ಹವಾ ತಿಂದ ಹೊಟ್ಟಿ, ಇನ್ನೇನು ಉಳೀತದ?” ಅಣ್ಣ ಮಶೀನಿನ ಗೇಟಿಗೆ ಹೋಗಿ ಕೂಗಾಡಿ ಕೆಲಸ ಬಿಟ್ಟು ಬಂದ. ತಹಸೀಲಿಗೆ ಅರ್ಜಿ ಬರೆಯುತ್ತೇನೆ, ನನ್ನ ಮೊಮ್ಮಗಳನ್ನು ಕೊಂದದ್ದು ಇದೇ ಧೂಳು ಎಂದು ಬರೆಯುತ್ತೇನೆ ಎಂದ. ನನ್ನ ಕಿವಿಗೆ ಎಲ್ಲ ಬೀಳುತ್ತಿತ್ತು. ಆಯಿ ಶೆಗಡಿಯನ್ನು ತೊಳೆದು ಅಟ್ಟದ ಮೇಲೆ ಇಟ್ಟರು, ಮುಂದಿನ ಬಾಣಂತನಕ್ಕೆ. ನಾನು ಬಾಯಿ ಬಿಡಲಿಲ್ಲ. ಆಯಿಯ ಮುದಿವಯಸ್ಸಿಗೆ ಈ ಭಾರ ಯಾಕೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ಸತ್ಯ.

ವರ್ಷ ಬದಲಾದರೂ ಹಳೆಯ ಕ್ಯಾಲೆಂಡರು ಮೊಳೆಗೇ ಇತ್ತು. ಒಂದು ದಿನ ತೆಗೆದು ಸುತ್ತಿಡಲು ಹೋಗಿ, ನಿಂತಲ್ಲೇ ಓದಿದೆ. ಪಡಸಾಲೆಯ ದಿನಗಳು: ಪಂಪು ಇಲ್ಲ, ಪಂಪು ಇಲ್ಲ. ರವದಿ ಸುಟ್ಟ ದಿನಗಳು: ಕೆಮ್ಮು, ಪಂಪು ಒಂದು ಸಲ. ಒಳಕೋಣೆಯ ದಿನಗಳು: ಪಂಪು ನಾಲ್ಕು ಸಲ, ಪಂಪು ಐದು ಸಲ, ಪಂಪು ಐದು ಸಲ. ಅದೇ ಚೌಕಗಳಲ್ಲಿ, ಅದೇ ಅಕ್ಷರದಲ್ಲಿ: ಶೆಗಡಿ ಮೂರು ಸಲ. ಎಲ್ಲ ನನ್ನ ಕೈಯದೇ. ಬರೆದಿದ್ದೆ, ಓದಿರಲಿಲ್ಲ. ಪಡಸಾಲೆಯಲ್ಲಿ ಆಕೆಯ ಹೊರಸು ಇದ್ದ ಕಡೆಯಿಂದ ಒಳಕೋಣೆಯ ಹೊರಸಿನವರೆಗೆ ನಡೆದು ನೋಡಿದೆ. ಎಂಟು ಹೆಜ್ಜೆ. ಜೇವರ್ಗಿಯಿಂದ ಆಳಂದಕ್ಕೆ, ಅಲ್ಲಿಂದ ಹೊಳೆ ದಂಡೆಗೆ ಒಳ್ಳೆಯ ಗಾಳಿ ಹುಡುಕಿಕೊಂಡು ಓಡಾಡಿದವರು ನಾವು. ಕೆಟ್ಟದ್ದು ಇದ್ದದ್ದು ಎಂಟು ಹೆಜ್ಜೆಯಲ್ಲಿ.

ಹೋಳಿ ಆದ ಮೇಲೆ ಕಿಣ್ಣಿಗೆ ಹೋದೆ. ಬಿಸಿಲು ಏರಿತ್ತು, ಮಶೀನು ನಡೆದಿತ್ತು. ಮಾತಿನ ನಡುವೆ ಹಲ್ಲು ಕಟಕಟ ಅನ್ನುವಷ್ಟು ಧೂಳು. ವೈನಿ ಒಬ್ಬರೇ ಇದ್ದರು, ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದರು. ನಾನು ಎದುರು ಕುಳಿತು ಎಲ್ಲ ಹೇಳಿದೆ. ಕಿಟಕಿ, ಪ್ಲಾಸ್ಟಿಕ್ ಹಾಳೆ, ಡಾಕ್ಟರು ಕೌದಿ ಮೂಸಿದ್ದು, ಗೌತಮಿ ಮೂರು ಸಲ ಕೇಳಿದ್ದು. “ನಿಮ್ಮ ಊರ ಧೂಳು ಅಂತ ಮಂದಿ ನಿಮಗ ಅನ್ನಾಕತ್ತಾಗ ನಾ ಸುಮ್ಮ ಕುಂತೆ ವೈನಿ. ಮಾಡಿದಾಕಿ ನಾನು,” ಎಂದೆ.

ವೈನಿ ಮೊರ ಕೆಳಗಿಟ್ಟರು. ಬೈಯಲಿ, ಎದ್ದು ಹೋಗು ಅನ್ನಲಿ ಎಂದು ಕಾದೆ.

“ನಾಕು ಸಲ,” ಎಂದರು.

“ಏನ್ರಿ?”

“ಮೂರಲ್ಲ, ನಾಕು ಸಲ ಕೇಳ್ಯಾಳ. ಐದೇಶಿ ದಿನ ನೀ ಎಲಿ ತರಾಕ ಹೋಗಿದ್ದಿ. ಅವ್ವಾ, ಬಾಗಲಾ ತೆಗಿ, ಸಾಯಾಕತ್ತೇನಿ ಅಂದ್ಳು ನಂಗ. ನಾ ಏನು ಮಾಡಿದೆ ಗೊತ್ತೇನು? ಶೆಗಡಿಗಿ ಇನ್ನಾ ಎರಡು ಕುಳ್ಳು ಮುರದು ಹಾಕಿ, ಬಾಗಲಾ ಎಳಕೊಂಡು ಬಂದೆ. ಅತ್ತಿ ಮನ್ಯಾಗ ಶೇಕ ಕಮ್ಮಿ ಆತು ಅಂತ ನಾಳಿ ಯಾರೂ ಅನಬಾರದು ಅಂತ.” ವೈನಿ ಮೊರದ ಅಂಚಿಗೆ ಉಗುರಾಡಿಸುತ್ತಿದ್ದರು. “ಮಂದಿ ಧೂಳಿಗಿ ಅನ್ನಾಕತ್ರ ನಂಗ ಸಿಟ್ಟು ಬರ್ತಿದ್ದಿಲ್ಲ ಸುನಂದಾ. ಅನ್ನಲಿ ಅನಿಸ್ತಿತ್ತು.”

ಅಣ್ಣ ಬಂದದ್ದು ನಮಗೆ ತಿಳಿಯಲಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಡುತ್ತ ನಿಂತಿದ್ದ, ಎಷ್ಟು ಕೇಳಿದ್ದನೋ. ಕೈಯಲ್ಲಿ ಅರ್ಜಿಯ ಕಾಗದವಿತ್ತು; ಊರಲ್ಲಿ ಸಹಿ ಹಾಕಿಸಲು ಹೋಗಿದ್ದನಂತೆ, ಇನ್ನೂ ಯಾರೂ ಹಾಕಿರಲಿಲ್ಲ. ಗೋಡೆಗೆ ಆತು ಕುಳಿತ. ಒಬ್ಬೊಬ್ಬರ ಮುಖ ನೋಡಿದ. ನಾನು ಮತ್ತೆ ಮೊದಲಿನಿಂದ ಹೇಳಿದೆ, ಈ ಸಲ ವೈನಿ ತಮ್ಮದನ್ನೂ ಸೇರಿಸಿದರು.

“ಮತ್ತ ಗೌತಮಿಗಿ ದಮ್ಮು ಕೊಟ್ಟಿದ್ದು ಯಾರ ಮನಿ ಶೆಗಡಿ?” ಎಂದ ಅಣ್ಣ.

ಉತ್ತರ ಹೊರಗೆ ಮಶೀನಿನಲ್ಲಿ ಗಡಗಡ ಅನ್ನುತ್ತಿತ್ತು.

“ಅರ್ಜಿ ಬಿಡಂಗಿಲ್ಲ ನಾ. ಆದ್ರ ಸುಳ್ಳು ಬರದ ಕೊಡಂಗಿಲ್ಲ.” ಕಾಗದ ನನ್ನ ಕಡೆ ಚಾಚಿದ. “ನಿನ್ನ ಅಕ್ಷರ ದುಂಡಗ ಅವ. ಕೂಸಿಂದು ತೆಗದು ಹೊಸಾದು ಬರಿ. ಗೌತಮಿದು ಇರಲಿ. ನನ್ನ ಕೆಮ್ಮಿಂದು ಇರಲಿ.”

ವೈನಿ ಒಳಗಿನಿಂದ ಪೆನ್ನು ತಂದುಕೊಟ್ಟರು. ಹಾಳೆಯ ಮೇಲೆ ಕೂರುವ ಧೂಳನ್ನು ಆಗಾಗ ಊದಿಕೊಳ್ಳುತ್ತ ಬರೆದೆ. ಮುಗಿದ ಮೇಲೆ ಅಣ್ಣ ಅದನ್ನು ಎತ್ತಿ ಹಿಡಿದು ಜೋರಾಗಿ ಓದಿದ, ತಾನು ಮೊದಲು ಬರೆದದ್ದು ಅವನಿಗೆ ಬಾಯಿಪಾಠವಾಗಿತ್ತು. ಗೌತಮಿಯ ದಮ್ಮಿನ ಸಾಲು ಮುಗಿಯಿತು. ಅದರ ಮುಂದೆ ಕೂಸಿನ ಸಾಲು ಇರಬೇಕಿದ್ದ ಕಡೆ ಅವನ ಬಾಯಿ ತೆರೆದುಕೊಂಡೇ ನಿಂತಿತು. ವೈನಿ ತಲೆ ಎತ್ತಲಿಲ್ಲ. ಅಣ್ಣ ಒಂದು ಸಲ ಉಸಿರೆಳೆದುಕೊಂಡು, ಕೆಮ್ಮಿ, ಮುಂದಿನ ಸಾಲು ಓದಿದ.